ಮೊಳಕೈ ಸಿಸ್ಟರ್ ಮತ್ತು ಹದಿನಾಲ್ಕು ಮೂಗುಗಳು

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಗೆ, ನೀಲಿ ಬಣ್ಣ ಬಳಿದ ಬಾಗಿಲೊಂದಿದೆ. ಅದರಾಚೆಗೆ ಹುಷಾರಿಲ್ಲದ ಹಸುಗೂಸುಗಳ ಕೋಣೆ. ದಿನ ತುಂಬುವ ಮೊದಲೇ ಅವಸರಪಟ್ಟು ಬಂದವು, ತೂಕ ಸಾಲದವು, ಕಾಮಾಲೆಯವು, ಅಮ್ಮನ ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಹೊಟ್ಟೆಯೊಳಗೇ ಪಾಡುಪಟ್ಟು ಬಂದವು, ಹೀಗೆ ಹನ್ನೆರಡು ತೊಟ್ಟಿಲುಗಳು. ಬಾಗಿಲ ಈಚೆಗೆ ಉದ್ದನೆಯ ಸ್ಟೀಲ್ ತೊಟ್ಟಿ, ಮೂರು ನಲ್ಲಿ, ಒಂದು ಕನ್ನಡಿ. ಆ ತೊಟ್ಟಿಯ ಪಕ್ಕದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ ನಮ್ಮ ಮೊಳಕೈ ಸಿಸ್ಟರ್.

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಸಂಬಳದ ಚೀಟಿಯಲ್ಲಿ ತೆಪ್ಪಗೆ ಉಳಿದುಕೊಂಡಿದೆ.

"ಉಂಗುರ ತೆಗೀರಿ. ವಾಚು ತೆಗೀರಿ. ಬೆರಳ ಸಂದಿ ಉಜ್ಜಿ. ಉಗುರಿನ ಬುಡ. ಈಗ ಮೊಳಕೈ. ಮೊಳಕೈ ಅಂದೆ ಕಣಪ್ಪಾ, ಮಣಿಕಟ್ಟಲ್ಲ. ಎರಡರ ಮಧ್ಯೆ ಒಂದಿಷ್ಟು ದೂರ ಇದೆ, ನೋಡ್ಕೋ."

ಹೊಸದಾಗಿ ಅಪ್ಪನಾದವನಾಗಲಿ, ಆಸ್ಪತ್ರೆಯ ದೊಡ್ಡ ಡಾಕ್ಟರಾಗಲಿ, ಈ ಮಾತಿನಲ್ಲಿ ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡಲು ಬಂದಿದ್ದ ಇನ್ಸ್‌ಪೆಕ್ಟರೊಬ್ಬರು, ಮಗುವನ್ನು ಮುಟ್ಟುವುದಿರಲಿ, ಮಗುವಿನತ್ತ ನೋಡುವ ಉದ್ದೇಶವೂ ಇಲ್ಲದವರು, ಮೊಳಕೈವರೆಗೆ ಎರಡು ಸಲ ತೊಳೆದುಕೊಂಡು, ಒದ್ದೆ ಕೈಗಳನ್ನು ಶರಣಾದವರಂತೆ ಮೇಲೆತ್ತಿಕೊಂಡೇ ಸಿಲಿಂಡರ್ ಪರೀಕ್ಷಿಸಿ ಹೋಗಿದ್ದರು. ಮನೆಯಲ್ಲೂ ಅದೇ ಕಾನೂನು. ಸಿಸ್ಟರಿನ ಯಜಮಾನರದು ಕನ್ನಡಕದ ಅಂಗಡಿ. ಸಂಜೆ ಮನೆಗೆ ಬಂದರೆ ಪೇಪರು ಮುಟ್ಟುವ ಮುಂಚೆ ಮೊಳಕೈ ಒದ್ದೆಯಾಗಬೇಕು. ಮದುವೆಯಾದ ಹೊಸದರಲ್ಲಿ ಅವರು ಇದನ್ನು ಪ್ರೀತಿಯೆಂದು ತಿಳಿದಿದ್ದರು. ಆಮೇಲೆ ಅಭ್ಯಾಸವಾಯಿತು.

ಕೆಲಸದಲ್ಲಿ ಅವರು ನಿಸ್ಸೀಮರೇ, ಅದರಲ್ಲಿ ಎರಡು ಮಾತಿಲ್ಲ. ಅಂಗೈ ಹಿಂಬದಿಯನ್ನು ಕೂಸಿನ ಹೊಟ್ಟೆಗೊಮ್ಮೆ, ಪಾದಕ್ಕೊಮ್ಮೆ ತಾಗಿಸಿ ಜ್ವರ ಹೇಳುತ್ತಿದ್ದರು. ಹಸಿವಿನ ಅಳು, ಒದ್ದೆ ಬಟ್ಟೆಯ ಅಳು, ಸುಮ್ಮನೆ ಎತ್ತಿಕೊಳ್ಳಲಿ ಎಂಬ ಅಳು, ಎಲ್ಲವೂ ಕಿವಿಗೆ ಬೇರೆ ಬೇರೆ. ಈ ಸಂಗತಿಯನ್ನು ಮಿಕ್ಕವರು ಮರೆತಾರೆಂಬ ಭಯದಿಂದ ವಾರಕ್ಕೆರಡು ಸಲ ತಾವೇ ನೆನಪಿಸುತ್ತಿದ್ದರು.

ಇವೆಲ್ಲಕ್ಕೂ ಕಳಶವಿಟ್ಟಂತಿದ್ದುದು ಅವರ ಊದುವ ವಿದ್ಯೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಹಾಲು ಕುಡಿಯುವುದೇ ಬೆಟ್ಟ ಹತ್ತುವ ಕೆಲಸ. ನಾಲ್ಕು ಸಲ ಚೀಪುವಷ್ಟರಲ್ಲಿ ಸುಸ್ತಾಗಿ ನಿದ್ದೆ ಹೋಗುತ್ತವೆ. ಬೇರೆ ನರ್ಸುಗಳು ಕಿವಿ ಸವರಿ, ಬೆನ್ನು ತಟ್ಟಿ ಎಬ್ಬಿಸುತ್ತಾರೆ. ಮೊಳಕೈ ಸಿಸ್ಟರ್ ಮಾತ್ರ ಬಗ್ಗಿ, ಒಂದು ಬೆರಳಿನಿಂದ ಮಾಸ್ಕನ್ನು ಗಲ್ಲದ ಕೆಳಗೆ ಎಳೆದು, ಕೂಸಿನ ಹಣೆಗೆ ಮೆಲ್ಲಗೆ 'ಫೂ' ಎಂದು ಊದುತ್ತಿದ್ದರು. ಕೂಸು ಬೆಚ್ಚಿ, ಹುಬ್ಬೆತ್ತಿ, ಏನೋ ಮರೆತು ಹೋಗಿದ್ದು ನೆನಪಾದಂತೆ ಮತ್ತೆ ಚೀಪಲು ತೊಡಗುತ್ತಿತ್ತು. ತಾಯಂದಿರು ಬೆರಗಾಗುತ್ತಿದ್ದರು. ತಾವೂ ಊದಿ ನೋಡಲು ಹೋದ ತರಬೇತಿ ಹುಡುಗಿಯರಿಗೆ ಬೈಗುಳ ಗ್ಯಾರಂಟಿ.

"ಬಿಡ್ರೇ, ಬಿಡ್ರೇ! ಬಿಸಿ ಟೀ ಆರಿಸ್ತಿದ್ದೀರಾ? ಉಸಿರಿಗೊಂದು ಹದ ಇದೆ. ಅದು ಪುಸ್ತಕದಲ್ಲಿ ಸಿಗಲ್ಲ."

ನಿಜಕ್ಕೂ ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಯಾಕಿರಲಿಲ್ಲ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಐದನೇ ತೊಟ್ಟಿಲಿನಲ್ಲಿದ್ದುದು ಟೈಲರಮ್ಮನ ಮಗಳು. ಈ ಟೈಲರಮ್ಮನಿಗೆ ಎಂಟನೇ ತಿಂಗಳಿಗೆ ಕಾಲಿಡುವಷ್ಟರಲ್ಲಿ ರಕ್ತದೊತ್ತಡ ನೆತ್ತಿಗೇರಿ, ಕೈಕಾಲು ಊದಿಕೊಂಡು, ಕಣ್ಣು ಮಂಜಾಗಿ, ಎರಡೂ ಜೀವ ಉಳಿಯಲಿ ಎಂದು ಆಪರೇಷನ್ ಮಾಡಿದ್ದರು. ಕೂಸಿನ ತೂಕ ಒಂದು ಸಾವಿರದ ಮುನ್ನೂರ ಎಂಬತ್ತು ಗ್ರಾಂ. ತಾಯಿಯ ಕಣ್ಣಿಗೆ ಎಲ್ಲವೂ ಹೊಲಿಗೆಯ ಅಳತೆ. "ಎದೆ ಸುತ್ತಳತೆ ಒಂದು ಶರ್ಟಿನ ತೋಳಿನ ಕಫ್‌ನಷ್ಟಿದೆ ಸಿಸ್ಟರ್. ಇದಕ್ಕೆ ಅಂಗಿ ಹೊಲಿಯೋಕೆ ಬಟ್ಟೆ ಕತ್ತರಿಸೋದಾದ್ರೂ ಹೇಗೆ?" ಎಂದು ಮೊದಲ ದಿನ ಅತ್ತಿದ್ದಳು. ಪಕ್ಕದ ತಾಯಂದಿರ ವಾರ್ಡಿನಲ್ಲಿ ಮಂಚ, ಎರಡು ಗಂಟೆಗೊಮ್ಮೆ ಬಂದು ಹಾಲೂಡಿಸುವುದು, ನಡುವೆ ತನ್ನ ಬಿಪಿ ಮಾತ್ರೆ. ಇಪ್ಪತ್ತೇಳನೇ ದಿನಕ್ಕೆ ಕೂಸು ಒಂದು ಸಾವಿರದ ಆರುನೂರ ಇಪ್ಪತ್ತು ಮುಟ್ಟಿತ್ತು. ಅದರಲ್ಲಿ ತನ್ನ ಉಸಿರಿನ ಪಾಲು ಎಷ್ಟು ಗ್ರಾಂ ಎಂದು ಸಿಸ್ಟರ್ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದೆಯೂ ಇರಲಿಲ್ಲ.

ಆ ವಾರವೇ ಎರಡು ಕೂಸುಗಳ ಕತ್ತಿನ ಮಡಿಕೆಯಲ್ಲಿ, ತೊಡೆಸಂದಿಯಲ್ಲಿ ಕೀವು ತುಂಬಿದ ಗುಳ್ಳೆಗಳು ಕಾಣಿಸಿಕೊಂಡವು.

ಮೊಳಕೈ ಸಿಸ್ಟರ್ ಪತ್ತೇದಾರರಾದರು. ತನ್ನ ಕೋಣೆಗೆ ಸೋಂಕೇ? ಸಾಬೂನು ಬದಲಾಯಿತು, ನಲ್ಲಿ ಬಿಚ್ಚಿ ತೊಳೆಸಿದ್ದಾಯಿತು, ಎಕ್ಸ್‌ರೇ ತೆಗೆಯುವವನ ಉಗುರು ಪರೀಕ್ಷೆಯಾಯಿತು. ಕೊನೆಗೆ ಅವರ ಕಣ್ಣು ಬಿದ್ದದ್ದು ಆಯಮ್ಮನ ಮೇಲೆ. ಆಯಮ್ಮ ನೆಲ ಒರೆಸಿ, ತೊಟ್ಟಿಲು ಒರೆಸಿ, ಬಟ್ಟೆ ಮಡಿಚಿ, ತಾಯಂದಿರಿಗೆ ನೀರು ಕೊಡುವ ಹೆಂಗಸು. ವಯಸ್ಸಿನಲ್ಲಿ ಸಿಸ್ಟರಿಗಿಂತ ನಾಲ್ಕು ವರ್ಷ ದೊಡ್ಡವಳು. ನೆಲ ಒರೆಸಿ ಎದ್ದವಳು ಮುಂಗೂದಲು ಸರಿ ಮಾಡಿಕೊಂಡದ್ದನ್ನು ಸಿಸ್ಟರ್ ಒಮ್ಮೆ ಕಣ್ಣಾರೆ ಕಂಡಿದ್ದರು. ಅಷ್ಟು ಸಾಕಾಗಿತ್ತು.

ದಿನಾ ಬೆಳಗ್ಗೆ ಹತ್ತಕ್ಕೆ ತಾಯಂದಿರ ವಾರ್ಡಿನಲ್ಲಿ ಸಿಸ್ಟರಿನ ಪಾಠ. ಕೈಯಲ್ಲೊಂದು ಬಟ್ಟೆಯ ಗೊಂಬೆ, ಎದುರಿಗೆ ಹನ್ನೆರಡು ಮಂಚ. ಅವತ್ತು ಪಾಠದ ನಡುವೆ ನೀರಿನ ಜಗ್ಗು ಹಿಡಿದು ಬಂದ ಆಯಮ್ಮನನ್ನು ನಿಲ್ಲಿಸಿಯೇಬಿಟ್ಟರು.

"ಆಯಮ್ಮ, ತೊಟ್ಟಿಲು ಒರೆಸೋ ಮುಂಚೆ ಕೈ ತೊಳೀತೀಯ?"

"ತೊಳೀತೀನಿ ಸಿಸ್ಟರ್."

"ಎಲ್ಲಿವರೆಗೆ?"

"ನೀವು ಹೇಳಿದಲ್ಲಿವರೆಗೆ."

"ತಲೆಗೂದಲು ಮುಟ್ಟಿದ ಮೇಲೆ ಮತ್ತೆ ತೊಳೀತೀಯ? ಹೇಳು, ಎಲ್ರಿಗೂ ಕೇಳಿಸೋ ಹಾಗೆ ಹೇಳು. ಮಕ್ಕಳ ಮೈಮೇಲೆ ಕೀವು ಆಕಾಶದಿಂದ ಉದುರಲ್ಲ."

ಆಯಮ್ಮ ಜಗ್ಗು ಇಟ್ಟು ಹೋದಳು. ಹನ್ನೆರಡು ಮಂಚಗಳೂ ಆ ಜಗ್ಗಿನತ್ತ ಒಂದು ಥರಾ ನೋಡಿದವು.

ಮರುದಿನ ಬೆಳಗ್ಗೆ ಟೈಲರಮ್ಮನ ಮಗಳು ಹಾಲಿಗೆ ಬಾಯಿ ತೆರೆಯಲಿಲ್ಲ. ಸಿಸ್ಟರ್ ಬಗ್ಗಿ ಊದಿದರು. ಹುಬ್ಬು ಅಲುಗಲಿಲ್ಲ. ಮತ್ತೊಮ್ಮೆ ಊದಿದರು. ಅಂಗೈ ಹಿಂಬದಿ ತಾಗಿಸಿದರೆ ಹೊಟ್ಟೆ ಬಿಸಿ, ಪಾದ ತಣ್ಣಗೆ. ಕಂಕುಳಲ್ಲಿ ಎರಡು ಗುಳ್ಳೆ. ಮಧ್ಯಾಹ್ನದ ಹೊತ್ತಿಗೆ ರಕ್ತದ ರಿಪೋರ್ಟು ಬಂತು. ಸೋಂಕು ಚರ್ಮ ದಾಟಿ ರಕ್ತಕ್ಕಿಳಿದಿತ್ತು. ಬೆರಳಿನಷ್ಟು ದಪ್ಪದ ಕೈಗೆ ಸೂಜಿ ಚುಚ್ಚಿ, ಔಷಧಿಯ ಡ್ರಿಪ್ ಹಾಕಿದರು. ಟೈಲರಮ್ಮ ತೊಟ್ಟಿಲಿನ ಗಾಜಿಗೆ ಅಂಗೈಯಿಟ್ಟು ನಿಂತವಳು ಕೂರಲೇ ಇಲ್ಲ. "ಇದು ಬದುಕುತ್ತಾ ಸಿಸ್ಟರ್?" ಎಂದು ಒಂದೇ ಸಲ ಕೇಳಿದಳು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುತ್ತಿದ್ದ ಸಿಸ್ಟರ್ ಅವಳ ಬಿಪಿ ನೋಡುವ ಪಟ್ಟಿ ಹುಡುಕಿಕೊಂಡು ಹೋದರು.

ಅದೇ ಸಂಜೆ ಸೋಂಕಿನ ವಿಭಾಗದಿಂದ ಒಬ್ಬ ಎಳೇ ವಯಸ್ಸಿನ ಡಾಕ್ಟರಮ್ಮ ಬಂದಳು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಹತ್ತಿ ಸುತ್ತಿದ ಉದ್ದುದ್ದ ಕಡ್ಡಿಗಳು. ಹಾಗಾಗಿ ಕಡ್ಡಿ ಡಾಕ್ಟರು. ಈ ಕೋಣೆಗೆ ಕಾಲಿಡುವ ಹದಿನಾಲ್ಕು ಮಂದಿ ಸಿಬ್ಬಂದಿಯ ಮೂಗಿನೊಳಗೂ ಒಂದೊಂದು ಕಡ್ಡಿ ಆಡಿಸಬೇಕು ಎಂದಳು.

ಮೊಳಕೈ ಸಿಸ್ಟರಿಗೆ ಆನೆಬಲ ಬಂತು. ತಾವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ತಲೆ ಹಿಂದಕ್ಕೆ. ಸೀನಬೇಡಿ. ಆಯಮ್ಮ, ನೀನು ಮುಂದೆ ಬಾ. ಡಾಕ್ಟ್ರೇ, ಇವಳದು ಎರಡು ಹೊಳ್ಳೆನೂ ಸರಿಯಾಗಿ ನೋಡಿ." ಹದಿಮೂರು ಮೂಗು ಮುಗಿದ ಮೇಲೆ, ಹೊರಡುವ ಡಾಕ್ಟರಿಗೆ ದೊಡ್ಡ ಮನಸ್ಸು ಮಾಡಿ ಹೇಳಿದರು: "ನಂದೂ ತಗೊಂಡುಬಿಡಿ. ಆಮೇಲೆ ಲೆಕ್ಕ ತಪ್ಪಿತು ಅನ್ನಬಾರದು."

ಮೂರನೇ ದಿನ ಕಡ್ಡಿ ಡಾಕ್ಟರು ಸಿಸ್ಟರನ್ನು ಔಷಧಿ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಸಿಕ್ಕಿದ್ರಾ?" ಎಂದರು ಸಿಸ್ಟರ್, ಪಿಸುದನಿಯಲ್ಲಿ. "ನಂಗೆ ಗೊತ್ತಿತ್ತು. ಪಾಪ, ಬಡಪಾಯಿ. ಕೆಲಸದಿಂದ ತೆಗೀಬೇಡಿ, ನಾನು ತಿದ್ತೀನಿ."

"ಕೂತ್ಕೊಳ್ಳಿ ಸಿಸ್ಟರ್."

"ನಾನು ಕೂರೋದು ಕಡಿಮೆ."

"ಹದಿಮೂರು ಮೂಗಲ್ಲೂ ಈ ರೋಗಾಣು ಇಲ್ಲ. ಮೂರು ಮಕ್ಕಳ ಮೈಮೇಲೂ ಇರೋದು ಒಂದೇ ಜಾತಿದು. ಅದು ಒಬ್ಬರ ಮೂಗಲ್ಲಿ ಮಾತ್ರ ಇದೆ."

ಸಿಸ್ಟರ್ ಹದಿನಾಲ್ಕರಲ್ಲಿ ಹದಿಮೂರು ಕಳೆದರು. ಇನ್ನೊಮ್ಮೆ ಕಳೆದರು. ಆಮೇಲೆ ಕೂತರು.

ಕಡ್ಡಿ ಡಾಕ್ಟರು ಒಳ್ಳೆಯವಳು. ಇದು ಕೊಳಕಲ್ಲ, ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ ಇಂಥವು ಬಾಡಿಗೆಯಿಲ್ಲದೆ ವಾಸ ಮಾಡುತ್ತವೆ, ಅವರಿಗೇನೂ ಆಗುವುದಿಲ್ಲ ಎಂದಳು. ಯಾವಾಗ ಸೇರಿಕೊಂಡವೋ ಹೇಳಲಾಗದು, ಹೋದ ತಿಂಗಳೇ ಇರಬಹುದು ಎಂದಳು.

"ನಾನು ಮೊಳಕೈವರೆಗೆ ತೊಳೀತೀನಿ," ಎಂದರು ಸಿಸ್ಟರ್. ದನಿ ಎಲ್ಲಿಂದಲೋ ಬಂದಂತಿತ್ತು.

"ತೊಳೀತೀರ. ಗಾಜಿನಾಚೆ ನಿಂತು ನಿನ್ನೆ ಅರ್ಧ ದಿನ ನೋಡಿದೆ. ನಿಮ್ಮಷ್ಟು ಚೆನ್ನಾಗಿ ಈ ಕಟ್ಟಡದಲ್ಲಿ ಯಾರೂ ತೊಳೆಯಲ್ಲ. ತೊಳೆದು ಬಂದು, ಮಾಸ್ಕ್ ಎಳೀತೀರ, ಊದ್ತೀರ, ಅದೇ ಬೆರಳಲ್ಲಿ ಮಗು ಗಲ್ಲ ಹಿಡೀತೀರ."

ಸಿಸ್ಟರ್ ತಮ್ಮ ಬಲಗೈ ತೋರುಬೆರಳನ್ನು ನೋಡಿಕೊಂಡರು. ಗುಳ್ಳೆಯೆದ್ದ ಮೂರೂ ಕೂಸುಗಳು ಕುಡಿಯುವಾಗ ನಿದ್ದೆ ಹೋಗುವವು. ಮೂರಕ್ಕೂ ಊದಿದ್ದರು.

ಮೂಗಿಗೆ ದಿನಕ್ಕೆರಡು ಸಲ ಮುಲಾಮು, ಐದು ದಿನ. ಆಮೇಲೆ ಮತ್ತೆ ಕಡ್ಡಿ. ಅಲ್ಲಿಯವರೆಗೆ ನೀಲಿ ಬಾಗಿಲ ಒಳಗೆ ಹೋಗುವಂತಿಲ್ಲ. "ರಿಪೋರ್ಟಲ್ಲಿ 'ಸಿಬ್ಬಂದಿ ಒಬ್ಬರು' ಅಂತಷ್ಟೇ ಬರೀತೀನಿ," ಎಂದಳು ಡಾಕ್ಟರು. "ಹೆಸರು ನನ್ನ ಬಾಯಿಂದ ಬರಲ್ಲ. ರಜಾ ಅಂತ ಹೇಳಿ."

ಸದ್ಯ, ಮಾನ ಉಳಿಯಿತು ಎಂದುಕೊಂಡು ಸಿಸ್ಟರ್ ಹೊರಬಂದರು. ತಾಯಂದಿರ ವಾರ್ಡಿನ ಮುಂದೆ ಹಾಯುವಾಗ ಒಳಗೆ ಆಯಮ್ಮ ಲೋಟಗಳಿಗೆ ನೀರು ಬಗ್ಗಿಸುತ್ತಿದ್ದಳು. ಒಬ್ಬಳು ತನ್ನ ಲೋಟವನ್ನು ಪಕ್ಕಕ್ಕೆ ಎಳೆದುಕೊಂಡಳು. "ಜಗ್ಗು ಅಲ್ಲೇ ಇಡಿ, ಬೇಕಾದ್ರೆ ನಾನೇ ಹಾಕ್ಕೋತೀನಿ." ಇನ್ನೊಬ್ಬಳು ಮಡಿಚಿಟ್ಟ ಬಟ್ಟೆಯ ಕಟ್ಟನ್ನು ಎರಡೇ ಬೆರಳಲ್ಲಿ ಹಿಡಿದು ಮಂಚದ ಕೆಳಗೆ ತಳ್ಳಿದಳು. ಟೈಲರಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಅಷ್ಟು ಚೆನ್ನಾಗಿ ಪಾಠ ತಲೆಗೆ ಹತ್ತಿದ ವಿದ್ಯಾರ್ಥಿನಿಯರನ್ನು ಸಿಸ್ಟರ್ ಹಿಂದೆಂದೂ ಕಂಡಿರಲಿಲ್ಲ.

ಸಂಜೆ ಮನೆಯಲ್ಲಿ ಮೂಗಿಗೆ ಮುಲಾಮು ಹಚ್ಚಿಕೊಂಡು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂತವರನ್ನು ಯಜಮಾನರು ಸುತ್ತು ಬಂದು ನೋಡಿದರು. ವಿಷಯ ತಿಳಿದ ಮೇಲೆ ನಗಬಾರದೆಂದು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದು ಜಾಸ್ತಿಯಾಯಿತು.

"ಅಲ್ವೇ, ಇಷ್ಟು ವರ್ಷ ನನ್ನ ಮೊಳಕೈ ಸವೆಸಿಬಿಟ್ಟೆ. ನನ್ನ ಮೂಗನ್ನ ಒಂದು ದಿನ ವಿಚಾರಿಸಲಿಲ್ಲ."

"ನಗಿ, ನಗಿ. ಆ ಮಗು ಅಲ್ಲಿ ಡ್ರಿಪ್ ಹಾಕ್ಕೊಂಡು ಮಲಗಿದೆ."

ಯಜಮಾನರು ನಗು ನಿಲ್ಲಿಸಿದರು. "ಹೇಗಿದೆ?"

"ಇನ್ನೂ ಎರಡು ದಿನ ಏನೂ ಹೇಳೋಕಾಗಲ್ಲ."

"ಮತ್ತೆ ಆಯಮ್ಮನ ಕಥೆ? ಅವರ ಮೇಲೆ ಹೊರಿಸಿದ್ದೀಯಲ್ಲ."

ಸಿಸ್ಟರ್ ಎದ್ದು, ನಾಳೆಯ ಪಾಠಕ್ಕೆಂದು ಗೊಂಬೆಯ ಬದಲಿಗೆ ದಿಂಬು ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡರು. "ಇತ್ತೀಚೆಗೆ ನಡೆದ ವೈಜ್ಞಾನಿಕ ತನಿಖೆಯ ಪ್ರಕಾರ, ಸೋಂಕಿನ ಮೂಲ ಪತ್ತೆಯಾಗಿದ್ದು, ಸೂಕ್ತ ಕ್ರಮ ಕೈಗೊಳ್ಳಲಾಗಿದೆ ಎಂದು ತಿಳಿಸಲು..."

"ಭೇಷ್," ಎಂದರು ಯಜಮಾನರು. "ಇದರಲ್ಲಿ ನೀನೆಲ್ಲಿದ್ದೀಯ?"

"ಮೂಲ ಅಂದ್ನಲ್ಲ!"

"ನದಿ ಮೂಲ ಅಂದ್ಕೋತಾರೆ. ಮೂಗು ಅನ್ನು."

ಎರಡನೆಯ ಸಲ ಹೇಳಿದ್ದರಲ್ಲಿ ವಾಯುಮಾಲಿನ್ಯ ಬಂತು. ಮೂರನೆಯದರಲ್ಲಿ ಸಿಸ್ಟರಿನ ಇಪ್ಪತ್ತೆರಡು ವರ್ಷದ ಸೇವೆ ಬಂತು. ನಾಲ್ಕನೆಯದಕ್ಕೆ ದಿಂಬು ಕೆಳಗಿಟ್ಟು ಸುಮ್ಮನೆ ಅತ್ತರು. ಮೂಗಿನ ಮುಲಾಮೆಲ್ಲ ಹರಿದುಹೋಗಿ, ಯಜಮಾನರು ಮೊಳಕೈವರೆಗೆ ಕೈ ತೊಳೆದು ಬಂದು ಮತ್ತೆ ಹಚ್ಚಿಕೊಟ್ಟರು.

ಬೆಳಗ್ಗೆ ಹತ್ತಕ್ಕೆ ಸಿಸ್ಟರ್ ಬಿಗಿಯಾದ ಮಾಸ್ಕ್ ಹಾಕಿಕೊಂಡು ತಾಯಂದಿರ ವಾರ್ಡಿನ ಬಾಗಿಲಲ್ಲೇ ನಿಂತರು. ಗೊಂಬೆ ತಂದಿರಲಿಲ್ಲ.

"ಕೇಳಿ ಇಲ್ಲಿ. ಗುಳ್ಳೆ ಬಂದದ್ದು ನನ್ನಿಂದ. ನನ್ನ ಮೂಗಲ್ಲಿ ರೋಗಾಣು ಇದೆ. ಮಾಸ್ಕ್ ಎಳೆದು ಊದ್ತಿದ್ನಲ್ಲ, ಅದರಿಂದ ಹೋಯ್ತು. ಊದಬಾರದಿತ್ತು. ಐದು ದಿನ ಔಷಧಿ. ಅಲ್ಲಿತನಕ ಒಳಗೆ ಬರಲ್ಲ."

ಟೈಲರಮ್ಮ ಮಂಚದಿಂದ ಕಾಲು ಕೆಳಗಿಟ್ಟಳು.

"ನನ್ನ ಮಗಳಿಗೂ ಊದಿದ್ರಾ?"

"ಊದಿದೆ."

"ಎಷ್ಟು ಸಲ?"

"ದಿನಕ್ಕೆ ಐದಾರು ಸಲ."

"ನಾನು ಪಕ್ಕದಲ್ಲೇ ಕೂತು ನಗ್ತಿದ್ದೆ," ಎಂದಳು ಟೈಲರಮ್ಮ. "ಥ್ಯಾಂಕ್ಸ್ ಬೇರೆ ಹೇಳ್ತಿದ್ದೆ." ಹಿಂಡಿಟ್ಟ ಹಾಲಿನ ಬಟ್ಟಲು ತೆಗೆದುಕೊಂಡು, ಸಿಸ್ಟರಿಗೆ ಬಟ್ಟೆಯ ಅಂಚೂ ತಾಗದಂತೆ ಬಾಗಿಲಲ್ಲಿ ಒತ್ತರಿಸಿಕೊಂಡು ಹೊರಗೆ ಹೋದಳು.

ಸಿಸ್ಟರ್ ತಿರುಗಿದರೆ ಹಿಂದೆ ಆಯಮ್ಮ, ಕೈಯಲ್ಲಿ ನೀರಿನ ಜಗ್ಗು.

"ಮುಗೀತಾ ಸಿಸ್ಟರ್?"

"ಮುಗೀತು."

"ಅಷ್ಟೇನಾ?"

ಸಿಸ್ಟರ್ ಮತ್ತೆ ತಾಯಂದಿರ ಕಡೆ ತಿರುಗಿದರು. ಈ ಸಲದ ಮಾತು ಮೊದಲಿನದಕ್ಕಿಂತ ಭಾರವಾಗಿತ್ತು. "ಆಯಮ್ಮನ ಮೂಗು, ಕೈ, ಎಲ್ಲ ಶುದ್ಧವಾಗಿದೆ. ಅವತ್ತು ನಾನು ಅವರಿಗೆ ನಿಮ್ಮೆಲ್ಲರ ಮುಂದೆ ಅಂದದ್ದು ತಪ್ಪು. ಅವರ ಹತ್ರ ನೀರು ಇಸ್ಕೊಳ್ಳಿ."

"ಕೇಳಿಸ್ತಾ ಎಲ್ರಿಗೂ?" ಎಂದು ಆಯಮ್ಮ ಮೊದಲ ಲೋಟ ಎತ್ತಿದಳು. ಅಂದಿನಿಂದ ಅವಳ ನಡಿಗೆಯೇ ಬದಲಾಯಿತು. ಕಡ್ಡಿ ಡಾಕ್ಟರ ಬೆನ್ನು ಬಿದ್ದು, ತನ್ನ ಮೂಗಿನಲ್ಲಿ ಏನೂ ಇಲ್ಲವೆಂದು ಚೀಟಿ ಬರೆಸಿಕೊಂಡು, ಪ್ಲಾಸ್ಟಿಕ್ ಕವರಿಗೆ ಹಾಕಿ ಏಪ್ರನ್ ಜೇಬಿನಲ್ಲಿಟ್ಟುಕೊಂಡಳು. ಲಿಫ್ಟಿನವನು ಅದನ್ನು ಎರಡು ಸಲ ಓದಬೇಕಾಯಿತು.

ಆ ದಿನಗಳಲ್ಲಿ ಸಿಸ್ಟರ್ ನೆಲಮಹಡಿಯ ಬಟ್ಟೆ ಕೋಣೆಯಲ್ಲಿ ದೊಡ್ಡವರ ವಾರ್ಡಿನ ಚಾದರ ಮಡಿಚಿದರು. ಆಯಮ್ಮ ದಿನಕ್ಕೆ ಮೂರು ಸಲ ಇಳಿದು ಬರುತ್ತಿದ್ದಳು. ಮೇಲಿನ ಸುದ್ದಿ ಅವಳೊಬ್ಬಳ ಕೈಯಲ್ಲಿತ್ತು, ಅವಳು ಅದನ್ನು ಹಾಲು ಹನಿಸಿದಂತೆ ಹನಿಸುತ್ತಿದ್ದಳು.

"ಐದನೇ ತೊಟ್ಟಿಲು?"

"ಮೂಲೆಗೆ ಮೂಲೆ ಕೂಡಿಸಿ ಸಿಸ್ಟರ್. ಇದೇನು, ಮುದ್ದೆ ಮಾಡಿದ್ದೀರಾ? ಬಿಚ್ಚಿ. ಹಾಂ, ಹಾಗೆ. ಜ್ವರ ಇಳಿದಿದೆ."

"ಪೂರ್ತೀನಾ?"

"ಆ ಕಟ್ಟೂ ಮಡಿಚಿ, ಹೇಳ್ತೀನಿ."

ಮೂರನೇ ದಿನ ಕಣ್ಣು ಬಿಟ್ಟಿತು ಎಂಬುದು ಇಪ್ಪತ್ತು ಚಾದರಕ್ಕೆ ಸಿಕ್ಕಿತು. ಐದನೇ ದಿನ ತಾಯಿಯ ಎದೆಯಲ್ಲೇ ಹತ್ತು ಸಲ ಚೀಪಿತು ಎಂಬುದಕ್ಕೆ ಆಯಮ್ಮ ಏನನ್ನೂ ಮಡಿಸಲು ಹೇಳಲಿಲ್ಲ. ಓಡಿಬಂದು ಬಾಗಿಲಲ್ಲೇ ಹೇಳಿದಳು. ಕೂಸು ನಿದ್ದೆ ಹೋದಾಗ ಟೈಲರಮ್ಮ ಹೆಬ್ಬೆರಳಿನಿಂದ ಅಂಗಾಲಿಗೆ ಗೀಟೆಳೆಯುತ್ತಾಳಂತೆ, ಬಟ್ಟೆಗೆ ಗುರುತು ಹಾಕಿದ ಹಾಗೆ. ಕೂಸು ಎದ್ದುಬಿಡುತ್ತದಂತೆ.

"ಎದ್ದುಬಿಡುತ್ತಾ?" ಎಂದರು ಸಿಸ್ಟರ್. "ಹದ ಬೇಕಲ್ಲ ಅದಕ್ಕೆ?"

"ಏನೂ ಬೇಡ. ಗೀಟೆಳೀತಾಳೆ, ಏಳುತ್ತೆ."

ಮುಲಾಮು ಮುಗಿದು ಮತ್ತೆ ಕಡ್ಡಿ ಆಡಿಸಿ, ಎಂಟನೇ ದಿನ ಸಿಸ್ಟರಿನ ಮೂಗು ಚೊಕ್ಕಟವೆಂದು ರಿಪೋರ್ಟು ಬಂತು. ತೊಟ್ಟಿಯ ಮುಂದೆ ತೊಳೆದರು, ಮಾಸ್ಕಿನ ದಾರ ಎರಡು ಗಂಟು ಹಾಕಿದರು, ನೀಲಿ ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಹೋದರು. ತೂಕ ನೋಡುವ ಹೊತ್ತು. ಐದನೇ ತೊಟ್ಟಿಲಿನ ಬಳಿ ಟೈಲರಮ್ಮ. ಡ್ರಿಪ್ ಇನ್ನೂ ಎರಡು ದಿನವಿತ್ತು, ಆದರೆ ಕೂಸು ಕಾಲು ಝಾಡಿಸುತ್ತಿತ್ತು. ಸಿಸ್ಟರ್ ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು.

ಟೈಲರಮ್ಮ ಕೂಸನ್ನು ತನ್ನತ್ತ ಒಂದು ಗೇಣು ಎಳೆದುಕೊಂಡಳು. ಸಿಸ್ಟರಿನ ಕೈಗಳು ಗಾಳಿಯಲ್ಲೇ ನಿಂತವು.

"ನಾನೇ ತಕ್ಕಡೀಲಿ ಮಲಗಿಸ್ತೀನಿ," ಎಂದಳು. ಡ್ರಿಪ್ಪಿನ ಕೊಳವೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕೂಸನ್ನು ತಾನೇ ತಕ್ಕಡಿಯ ಮೇಲಿಟ್ಟಳು. ಆಮೇಲೆ ಸಿಸ್ಟರಿನ ಮುಖ ನೋಡದೆ, "ಎಷ್ಟಿದೆ, ಓದಿ," ಎಂದಳು.

ಸಿಸ್ಟರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. "ಒಂದು ಸಾವಿರದ ಆರುನೂರ ನಲವತ್ತು."

"ಜ್ವರ ಬರೋ ಮುಂಚೆ ಆರುನೂರ ಇಪ್ಪತ್ತಿತ್ತು."

"ಹೌದು. ಇಪ್ಪತ್ತು ಜಾಸ್ತಿ."

"ಸರಿಯಾಗಿ ನೋಡಿದ್ರಾ?"

ಇಪ್ಪತ್ತೆರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರಿಗೆ ಏನಾಗಿದೆಯೆಂದು ಇಡೀ ಮಹಡಿಗೆ ಗೊತ್ತು. ಪಕ್ಕದ ತೊಟ್ಟಿಲು ಒರೆಸುತ್ತಿದ್ದ ಆಯಮ್ಮ ಬಟ್ಟೆ ಹಿಡಿದು ಹಾಗೇ ನಿಂತಳು.

ಸಿಸ್ಟರ್ ಮತ್ತೆ ಬಗ್ಗಿ ನೋಡಿದರು. "ನಲವತ್ತು. ಸರಿಯಾಗಿದೆ."

ಟೈಲರಮ್ಮ ಕೂಸನ್ನು ಎತ್ತಿ ಎದೆಗವಚಿಕೊಂಡಳು. ಅದರ ಬೆನ್ನ ಮೇಲೆ ಅಂಗೈ ಆಡಿಸುತ್ತ ಹೇಳಿದಳು: "ನಾಳೆಯಿಂದ ನೀವೇ ಮಲಗಿಸಿ. ಇವತ್ತು ಬೇಡ."

"ಆಗಲಿ ತಾಯಿ," ಎಂದು ಸಿಸ್ಟರ್ ತೂಕದ ಹಾಳೆಯಲ್ಲಿ ಅಂಕಿ ಬರೆಯಲು ಹೋದರು.